ಗ್ರಂಥಾಲಯದ ಜಾಲತಾಣ: ಸ್ವಂತ ಯಂತ್ರವೋ, ಬಾಡಿಗೆಯ ಮೇಘವೋ?

ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದು ಜಾಲತಾಣ ಬೇಕೆಂಬ ಮಾತು ಈಗ ಹಲವು ಕಡೆ ಕೇಳಿಬರುತ್ತಿದೆ. ಅದು ಯೋಗ್ಯವಾದ ಬಯಕೆಯೇ. ಬೇಕಾದ ಪುಸ್ತಕ ಗ್ರಂಥಾಲಯದಲ್ಲಿ ಉಂಟೋ ಇಲ್ಲವೋ, ಉಂಟಾದರೆ ಈಗ ಕಪಾಟಿನಲ್ಲಿದೆಯೋ ಬೇರೊಬ್ಬರ ಮನೆಗೆ ಹೋಗಿದೆಯೋ ಎಂಬುದು ಮನೆಯಲ್ಲಿ ಕುಳಿತೇ ತಿಳಿಯುವಂತಾದರೆ ಓದುಗನಿಗೆ ಒಂದು ನಡಿಗೆ ಉಳಿಯುತ್ತದೆ. ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದರ ತಾತ್ಪರ್ಯವೂ ಇದೇ: ಓದಲು ಬಂದವನ ಕಾಲ ವ್ಯರ್ಥವಾಗಬಾರದು. ಆದರೆ ಜಾಲತಾಣ ಬೇಕೆಂದು ತೀರ್ಮಾನವಾದ ಮರುಗಳಿಗೆಯಲ್ಲಿಯೇ ಸಮಿತಿಯ ಮುಂದೆ ಎರಡನೆಯ ಪ್ರಶ್ನೆ ಬಂದು ನಿಲ್ಲುತ್ತದೆ. ಅದನ್ನು ಇಡುವುದೆಲ್ಲಿ? ನಮ್ಮದೇ ಯಂತ್ರವನ್ನು ಕೊಂಡು ಗ್ರಂಥಾಲಯದ ಕಟ್ಟಡದಲ್ಲಿ ಇಟ್ಟುಕೊಳ್ಳುವುದೆ? ಅಥವಾ ‘ಕ್ಲೌಡ್’ ಎಂದು ಹೆಸರಾದ ದೂರದ ವ್ಯವಸ್ಥೆಯಲ್ಲಿ ಬಾಡಿಗೆಗೆ ಸ್ಥಳ ಹಿಡಿಯುವುದೆ?

ಇದು ಎಂಜಿನಿಯರುಗಳು ಬಗೆಹರಿಸಬೇಕಾದ ಸಂಗತಿ, ನಮಗೇಕೆ ಎಂದು ನೀವು ಕೇಳಬಹುದು. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನೀವು ಕಟ್ಟುವ ಮನೆಕಂದಾಯದೊಡನೆ ಗ್ರಂಥಾಲಯ ಕರವೂ ಸೇರಿ ವಸೂಲಾಗುತ್ತದೆ. ಈಗ ಅದರ ದರ ಕಂದಾಯದ ನೂರಕ್ಕೆ ಆರು. ಹೀಗೆ ಹಣ ನಿಮ್ಮದು. ಸದಸ್ಯರಾಗಿದ್ದರೆ ನಿಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ನೀವು ಕೊಂಡೊಯ್ದ ಪುಸ್ತಕಗಳ ಪಟ್ಟಿ ಇವೂ ಆ ಯಂತ್ರದಲ್ಲಿಯೇ ಸೇರುತ್ತವೆ. ಸಮಿತಿಯಲ್ಲಿ ಕೂರುವವರು ಬಹುಮಟ್ಟಿಗೆ ನಿಮ್ಮಂಥ ಗೃಹಸ್ಥರೇ. ಆದುದರಿಂದ ವಿಷಯವನ್ನು ಕೊಂಚ ತಿಳಿದಿದ್ದರೆ ಮಾರಾಟಗಾರನ ಮಾತಿಗೆ ತಲೆದೂಗಿ ಬರುವ ಪ್ರಸಂಗ ತಪ್ಪುತ್ತದೆ.

ಹೆಸರುಗಳ ಅರ್ಥ

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಜಾಲತಾಣದ ಪುಟಗಳು, ಪುಸ್ತಕಗಳ ಸೂಚಿ, ಚಿತ್ರಗಳು ಎಲ್ಲವೂ ಯಾವುದೋ ಒಂದು ಕಂಪ್ಯೂಟರಿನ ಡಿಸ್ಕಿನಲ್ಲಿ ಇರಲೇಬೇಕು. ಹಗಲಿರುಳು ಎಚ್ಚರವಾಗಿದ್ದು, ಇಂಟರ್‌ನೆಟ್ಟಿನ ಮೂಲಕ ಕೇಳಿದವರಿಗೆ ಕೇಳಿದ ಪುಟವನ್ನು ಎತ್ತಿಕೊಡುವ ಆ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಬಡಿಸುವವನು ಎಂದು ಕನ್ನಡಿಸಿದರೂ ಸಲ್ಲುತ್ತದೆ. ಊಟದ ಪಂಕ್ತಿಯಲ್ಲಿ ಬಡಿಸುವವನ ಕೆಲಸವೇ ಅದರದೂ.

ರೇಡಿಯೋ ಕೇಳುವವರಿಗೆ ಇಲ್ಲಿ ಒಂದು ಭೇದವನ್ನು ಹೇಳಬೇಕು. ಬಾನುಲಿ ಕೇಂದ್ರದಿಂದ ಪ್ರಸಾರವಾದ ಭಾಷಣವನ್ನು ಹತ್ತು ಮಂದಿ ಕೇಳಿದರೂ ಹತ್ತು ಲಕ್ಷ ಮಂದಿ ಕೇಳಿದರೂ ಪ್ರಸಾರ ಯಂತ್ರಕ್ಕೆ ಶ್ರಮ ಒಂದೇ. ಸರ್ವರಿನ ಪಾಡು ಹಾಗಲ್ಲ. ಅದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬಡಿಸಬೇಕು. ಪರೀಕ್ಷೆಯ ದಿನಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿಗಾಗಿ ಒಂದೇ ಸಂಜೆ ಸಾವಿರ ವಿದ್ಯಾರ್ಥಿಗಳು ಬಂದರೆ, ಹತ್ತು ಜನಕ್ಕೆಂದು ಇಟ್ಟ ಯಂತ್ರ ಕೈಚೆಲ್ಲಿ ಕುಳಿತುಬಿಡುತ್ತದೆ.

ಇನ್ನು ಕ್ಲೌಡ್, ಅಂದರೆ ಮೇಘ. ಎಂಜಿನಿಯರುಗಳು ಜಾಲದ ನಕ್ಷೆ ಬರೆಯುವಾಗ ತಮ್ಮ ಕಟ್ಟಡದ ಹೊರಗಿನ ಭಾಗವನ್ನು ವಿವರಿಸದೆ ಒಂದು ಮೋಡದ ಆಕಾರವನ್ನು ಬರೆದು ಬಿಡುವ ರೂಢಿಯಿತ್ತು. ಹೆಸರು ಅಲ್ಲಿಂದ ಬಂತು. ಮೋಡದೊಳಗೆ ಇರುವುವೂ ಸರ್ವರುಗಳೇ. ದೊಡ್ಡ ಕಟ್ಟಡದಲ್ಲಿ ಸಾವಿರಾರು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಶಕ್ತಿಯನ್ನು ಬೇಕಾದವರಿಗೆ ಬೇಕಾದಷ್ಟು ಅಳೆದು ಬಾಡಿಗೆಗೆ ಕೊಡುವ ವ್ಯಾಪಾರವಿದು. ಅಮೆಜಾನ್ ಸಂಸ್ಥೆ ೨೦೦೬ರಲ್ಲಿ ಈ ಬಗೆಯ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. ೨೦೧೬ರಲ್ಲಿ ಮುಂಬಯಿಯಲ್ಲಿಯೂ ಅದರ ಯಂತ್ರಾಗಾರಗಳು ಸೇವೆ ಕೊಡತೊಡಗಿದವು. ಭಾರತ ಸರ್ಕಾರವೂ ತನ್ನ ಕಚೇರಿಗಳಿಗಾಗಿ ಇಂಥದೇ ವ್ಯವಸ್ಥೆಯನ್ನು ಕಟ್ಟಿ ಅದಕ್ಕೆ ‘ಮೇಘರಾಜ’ ಎಂದು ಹೆಸರಿಟ್ಟಿದೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರು ಗ್ರಂಥಾಲಯಗಳಿಗೆಂದು ಸಿದ್ಧಪಡಿಸಿದ ‘ಇ-ಗ್ರಂಥಾಲಯ’ ಎಂಬ ತಂತ್ರಾಂಶವನ್ನು ಆ ಸರ್ಕಾರಿ ಮೇಘದಲ್ಲಿ ಇರಿಸಿ ನಡೆಸುವ ಏರ್ಪಾಡೂ ಉಂಟು.

ಬಾವಿ ಮತ್ತು ನಲ್ಲಿ

ಎರಡು ಮಾರ್ಗಗಳ ಭೇದವನ್ನು ನೀರಿನ ಮಾತಿನಿಂದ ತಿಳಿಯಬಹುದು. ಸ್ವಂತ ಸರ್ವರ್ ಹಿತ್ತಿಲ ಬಾವಿಯಂತೆ; ಮೇಘ ನಗರಸಭೆಯ ನಲ್ಲಿಯಂತೆ. ಬಾವಿ ತೋಡಿಸಲು ಮೊದಲೇ ಹಣ ಸುರಿಯಬೇಕು. ಆಮೇಲೆ ಯಾರಿಗೂ ಬಿಲ್ಲು ಕಟ್ಟಬೇಕಾಗಿಲ್ಲ, ಆದರೆ ರಾಟೆ, ಹಗ್ಗ, ಹೂಳು ಎಲ್ಲ ನಮ್ಮ ಹೊಣೆ. ನಲ್ಲಿಗೆ ಮೊದಲ ಖರ್ಚು ಅಲ್ಪ. ತಿಂಗಳು ತಿಂಗಳು ಕಟ್ಟಬೇಕು. ಕಟ್ಟದಿದ್ದರೆ ನೀರು ನಿಲ್ಲುತ್ತದೆ.

ಬಾವಿಯ ಖರ್ಚನ್ನು ಲೆಕ್ಕ ಹಾಕುವಾಗ ಯಂತ್ರದ ಬೆಲೆಯೊಂದನ್ನೇ ಹಿಡಿಯುವುದು ಸಾಮಾನ್ಯವಾದ ತಪ್ಪು. ಇನ್ನೂರು ವ್ಯಾಟ್ ವಿದ್ಯುತ್ತನ್ನು ಬಳಸುವ ಒಂದು ಸಾಧಾರಣ ಸರ್ವರ್ ವರ್ಷವಿಡೀ ಉರಿದರೆ ೧,೭೫೨ ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಎಂಟು ರೂಪಾಯಿ ಎಂದಿಟ್ಟುಕೊಂಡರೂ ಹದಿನಾಲ್ಕು ಸಾವಿರ ರೂಪಾಯಿ. ಕರೆಂಟು ಹೋದಾಗ ಯಂತ್ರವನ್ನು ಹಿಡಿದು ನಿಲ್ಲಿಸಲು ಯು.ಪಿ.ಎಸ್. ಬೇಕು, ಅದರ ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಬೇಸಗೆಯಲ್ಲಿ ಕೋಣೆಯನ್ನು ತಂಪಾಗಿಡಬೇಕು. ಡಿಸ್ಕುಗಳು ಸವೆಯುತ್ತವೆ; ಯಂತ್ರಕ್ಕೆ ಐದಾರು ವರ್ಷ ತುಂಬಿದರೆ ಹೊಸದರ ಚಿಂತೆ ಹತ್ತುತ್ತದೆ. ಇವೆಲ್ಲಕ್ಕಿಂತ ದುಬಾರಿಯಾದದ್ದು ಮನುಷ್ಯ. ತಂತ್ರಾಂಶದಲ್ಲಿ ಆಗಾಗ್ಗೆ ಕಂಡುಬರುವ ದೋಷಗಳಿಗೆ ತಯಾರಕರು ಕಳಿಸುವ ತೇಪೆಗಳನ್ನು ಹಾಕುವವರು, ರಾತ್ರಿ ಯಂತ್ರ ನಿಂತರೆ ಬೆಳಿಗ್ಗೆ ಬಂದು ನೋಡುವವರು ಒಬ್ಬರು ಇರಬೇಕು. ಆ ಒಬ್ಬರಿಗೆ ವರ್ಗವಾಗಿ ಪಾಸ್‌ವರ್ಡ್ ಅವರೊಡನೆಯೇ ಊರು ಬಿಟ್ಟರೆ ಯಂತ್ರವಿದ್ದೂ ಇಲ್ಲದಂತೆಯೇ.

ನಲ್ಲಿಯ ಕಷ್ಟ ಬೇರೆ ತೆರದ್ದು. ನಮ್ಮ ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದು ವಸ್ತುವನ್ನು ಒಮ್ಮೆ ಕೊಳ್ಳಲು ಮಂಜೂರಾತಿ ಸಿಗುವುದು ಸುಲಭ. ಪ್ರತಿ ತಿಂಗಳೂ ತಪ್ಪದೆ ಕಟ್ಟುವ ಬಾಬಿಗೆ ಸಿಗುವುದು ಕಷ್ಟ. ಮಾರ್ಚಿಗೆ ಆರ್ಥಿಕ ವರ್ಷ ಮುಗಿದು ಹೊಸ ಅನುದಾನ ಬರುವವರೆಗೆ ಮೇಘದ ಒಡೆಯ ಕಾಯುವನೆಂಬ ಭರವಸೆಯಿಲ್ಲ. ಬಾಕಿ ಉಳಿದರೆ ಖಾತೆಯನ್ನು ನಿಲ್ಲಿಸುತ್ತಾನೆ, ಕೆಲವು ಕಾಲ ಕಾದು ಅದರಲ್ಲಿರುವುದನ್ನು ಅಳಿಸಲೂಬಹುದು. ಬಿಲ್ಲಿನ ಮೊತ್ತ ಪ್ರತಿ ತಿಂಗಳೂ ಒಂದೇ ಆಗಿರಬೇಕೆಂದಿಲ್ಲ. ಇಟ್ಟ ಸರಕಿಗೆ ಬಾಡಿಗೆಯಲ್ಲದೆ, ಓದುಗರು ಇಳಿಸಿಕೊಂಡ ಸರಕಿಗೂ ತೂಕದ ಮೇಲೆ ಹಣ ಕೇಳುವ ಪದ್ಧತಿ ಅನೇಕ ಕಡೆ ಉಂಟು. ಆದರೆ ನಲ್ಲಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಪರೀಕ್ಷೆಯ ತಿಂಗಳಲ್ಲಿ ಹೆಚ್ಚು ಶಕ್ತಿಯನ್ನು ಪಡೆದು, ರಜೆಯಲ್ಲಿ ಇಳಿಸಿಕೊಳ್ಳಬಹುದು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವ ಎಂಬುದು ರಂಗನಾಥನ್ ಅವರ ಐದನೆಯ ಸೂತ್ರದ ಭಾವ. ಕೊಂಡ ಯಂತ್ರ ಅದರೊಡನೆ ಬೆಳೆಯಲಾರದು.

ಕೆಟ್ಟ ದಿನ ಬಂದಾಗ

ಖರ್ಚಿನ ಲೆಕ್ಕ ಒಂದು ಪಾಲು ಮಾತ್ರ. ಯಾವ ವ್ಯವಸ್ಥೆ ಒಳ್ಳೆಯದೆಂಬುದು ಕೆಟ್ಟ ದಿನದಲ್ಲಿ ತಿಳಿಯುತ್ತದೆ. ಲೋಕದಲ್ಲಿ ಈಚೆಗೆ ನಡೆದ ಕೆಲವು ಪ್ರಸಂಗಗಳು ನಮಗೆ ಪಾಠವಾಗುವಂತಿವೆ.

೨೦೨೩ರ ಅಕ್ಟೋಬರ್ ೨೮ರಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಯಂತ್ರಗಳ ಮೇಲೆ ದುಷ್ಕರ್ಮಿಗಳ ದಾಳಿಯಾಯಿತು. ಅವರು ದೂರದಿಂದಲೇ ಜಾಲದೊಳಗೆ ನುಗ್ಗಿ, ಸುಮಾರು ೬೦೦ ಗಿಗಾಬೈಟಿನಷ್ಟು ಕಡತಗಳನ್ನು ಕದ್ದು, ಉಳಿದುದನ್ನು ಗೂಢಲಿಪಿಯಿಂದ ಬಿಗಿದು, ಕೆಲವು ಸರ್ವರುಗಳನ್ನು ಕೆಡಿಸಿಹಾಕಿ, ಹಣ ಕೇಳಿದರು. ಲೈಬ್ರರಿ ಹಣ ಕೊಡಲಿಲ್ಲ. ಕದ್ದ ಮಾಹಿತಿಯನ್ನು ಅವರು ಬಯಲಿಗೆ ಹಾಕಿದರು. ಗ್ರಂಥಸೂಚಿ ಓದುಗರಿಗೆ ಮತ್ತೆ ಕಾಣಿಸಿದ್ದು ೨೦೨೪ರ ಜನವರಿ ೧೫ರಂದು. ಅದೂ ನೋಡುವುದಕ್ಕೆ ಮಾತ್ರ; ಉಳಿದ ಸೇವೆಗಳಿಗೆ ಇನ್ನೂ ಬಹುಕಾಲ ಹಿಡಿಯಿತು.

ಆ ಸಂಸ್ಥೆಯ ದೊಡ್ಡತನವೆಂದರೆ, ಆದದ್ದನ್ನು ಮುಚ್ಚಿಡದೆ ೨೦೨೪ರ ಮಾರ್ಚಿಯಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಅದರಿಂದ ತಿಳಿಯುವ ಮೂರು ಸಂಗತಿಗಳು ನಮಗೆ ಮುಖ್ಯ. ಹೊರಗಿನಿಂದ ಪ್ರವೇಶಿಸಲು ಇಟ್ಟಿದ್ದ ಒಂದು ಸರ್ವರಿಗೆ, ಪಾಸ್‌ವರ್ಡಿನ ಜೊತೆಗೆ ಎರಡನೆಯ ಗುರುತನ್ನು ಕೇಳುವ ಬೀಗವಿರಲಿಲ್ಲ. ಕಳ್ಳರು ನುಗ್ಗಿದ್ದು ಬಹುಶಃ ಆ ಬಾಗಿಲಿನಿಂದ. ಎರಡನೆಯದು, ಮೇಘದಲ್ಲಿದ್ದ ಸಂಬಳ ಮತ್ತು ಹಣಕಾಸಿನ ವ್ಯವಸ್ಥೆಗಳು ಎಂದಿನಂತೆ ನಡೆದವು. ಮೂರನೆಯದು ಎಲ್ಲಕ್ಕಿಂತ ದೊಡ್ಡ ಪಾಠ. ಡಿಜಿಟಲ್ ಸಂಗ್ರಹದ ಸುರಕ್ಷಿತ ಪ್ರತಿಗಳು ಲೈಬ್ರರಿಯ ಬಳಿ ಇದ್ದವು. ಆದರೆ ಅವನ್ನು ಮತ್ತೆ ಏರಿಸಿ ನಡೆಸಲು ಯೋಗ್ಯವಾದ ಯಂತ್ರವ್ಯವಸ್ಥೆ ಇರಲಿಲ್ಲ. ಹಳೆಯ ತಂತ್ರಾಂಶಗಳಲ್ಲಿ ಎಷ್ಟೋ ಹೊಸ ಯಂತ್ರದ ಮೇಲೆ ನಡೆಯುವಂತೆಯೇ ಇರಲಿಲ್ಲ. ಬೀಜವಿತ್ತು, ಬಿತ್ತುವ ಹೊಲವಿರಲಿಲ್ಲ.

ಅದೇ ಅಕ್ಟೋಬರ್ ೨೮ರಂದು ಕೆನಡಾದ ಟೊರಾಂಟೋ ಸಾರ್ವಜನಿಕ ಗ್ರಂಥಾಲಯವೂ ಇಂಥದೇ ದಾಳಿಗೆ ಸಿಕ್ಕಿತು. ಶಾಖೆಗಳು ಬಾಗಿಲು ಹಾಕಲಿಲ್ಲ, ಪುಸ್ತಕಗಳೂ ಕಳೆದುಹೋಗಲಿಲ್ಲ. ಆದರೆ ಹಿಂದಿರುಗಿದ ಪುಸ್ತಕವನ್ನು ಜಮೆ ಮಾಡಿಕೊಳ್ಳುವ ವ್ಯವಸ್ಥೆಯೇ ನಿಂತಿದ್ದರಿಂದ, ಓದುಗರು ತಂದುಕೊಟ್ಟ ಸುಮಾರು ಹತ್ತು ಲಕ್ಷ ಪುಸ್ತಕಗಳನ್ನು ಟ್ರಕ್ಕುಗಳ ಹಿಂಬಂಡಿಗಳಲ್ಲಿ ತಿಂಗಳುಗಟ್ಟಲೆ ತುಂಬಿಡಬೇಕಾಯಿತು. ಸೂಚಿಯಿಲ್ಲದ ಗ್ರಂಥಾಲಯ ಕಾಗದದ ಉಗ್ರಾಣವಷ್ಟೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಹಾಗಾದರೆ ಮೇಘವೇ ಕ್ಷೇಮವೆಂದು ಆತುರಪಡುವಂತಿಲ್ಲ. ೨೦೨೧ರ ಮಾರ್ಚ್ ೧೦ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ, ಓ.ವಿ.ಎಚ್. ಎಂಬ ದೊಡ್ಡ ಸಂಸ್ಥೆಯ ಐದಂತಸ್ತಿನ ಯಂತ್ರಾಗಾರವೊಂದು ಬೆಂಕಿಗೆ ಸಿಕ್ಕಿ ನಾಶವಾಯಿತು. ಪಕ್ಕದ ಕಟ್ಟಡದ ಒಂದು ಭಾಗವೂ ಸುಟ್ಟಿತು. ಜೀವಹಾನಿಯಾಗಲಿಲ್ಲ. ಆದರೆ ಅಸಂಖ್ಯ ಜಾಲತಾಣಗಳು ಒಮ್ಮೆಗೇ ಮಾಯವಾದವು. ಬೇರೆ ಊರಿನಲ್ಲಿ ಪ್ರತಿ ಇಟ್ಟಿದ್ದವರು ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಪ್ರತಿಯೇ ಇಲ್ಲದವರು ಸರ್ವಸ್ವವನ್ನೂ ಕಳೆದುಕೊಂಡರು. ಪ್ರತಿ ಇದೆಯೆಂದು ನಂಬಿದ್ದ ಕೆಲವರಿಗೆ, ಆ ಪ್ರತಿಯೂ ಅದೇ ಕಟ್ಟಡದಲ್ಲಿದ್ದುದು ಆಮೇಲೆ ತಿಳಿಯಿತು.

ಬೆಂಕಿಯೇ ಬೇಕೆಂದಿಲ್ಲ. ೨೦೨೫ರ ಅಕ್ಟೋಬರ್ ೨೦ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಯಂತ್ರಾಗಾರಗಳಲ್ಲಿ, ಹೆಸರಿನಿಂದ ವಿಳಾಸವನ್ನು ಹುಡುಕುವ ವ್ಯವಸ್ಥೆಯೊಂದು ತಪ್ಪಿ, ಲೋಕದ ಎಷ್ಟೋ ಸೇವೆಗಳು ಗಂಟೆಗಟ್ಟಲೆ ನಿಂತವು. ನೂರಕ್ಕೆ ೯೯.೯ ಪಾಲು ಕಾಲ ನಡೆಯುತ್ತದೆಂದು ಮಾರಾಟಗಾರ ಹೇಳಿದರೆ, ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಂತರೂ ಅವನ ಮಾತು ಸುಳ್ಳಾಗದು. ಗ್ರಂಥಾಲಯಕ್ಕೆ ಇದು ಸಹಿಸಬಹುದಾದ ನಷ್ಟ. ಸೂಚಿ ಒಂದು ದಿನ ಕಾಣದಿದ್ದರೆ ನಡೆದೀತು, ಇಲ್ಲವಾದರೆ ನಡೆಯದು. ನಿಲ್ಲುವುದು ಬೇರೆ, ಕಳೆದುಹೋಗುವುದು ಬೇರೆ. ಸಮಿತಿಗಳು ಚರ್ಚಿಸುವಾಗ ಈ ಎರಡನ್ನೂ ಒಂದೇ ಎಂದು ಭ್ರಮಿಸಬಾರದು.

ಸ್ವಂತ ಯಂತ್ರ ಸಲ್ಲುವುದು ಯಾರಿಗೆ?

ಸ್ವಂತ ಯಂತ್ರಗಳನ್ನೇ ನೆಚ್ಚಿ ಬಾಳುತ್ತಿರುವ ದೊಡ್ಡ ಸಂಸ್ಥೆಯೊಂದಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್‌ನೆಟ್ ಆರ್ಕೈವ್, ೧೯೯೬ರಲ್ಲಿ ಬ್ರೂಸ್ಟರ್ ಕೇಲ್ ಅವರು ಸ್ಥಾಪಿಸಿದ್ದು. ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿ ಅದರ ಕಚೇರಿ. ಆರಾಧನೆಯ ಸಭಾಂಗಣದಲ್ಲಿಯೇ ಕೆಲವು ಸರ್ವರುಗಳು ದೀಪ ಮಿನುಗಿಸುತ್ತ ನಿಂತಿವೆ. ಯಂತ್ರಗಳ ಕಾವನ್ನು ಆ ಚಳಿಯೂರಿನಲ್ಲಿ ಕಟ್ಟಡವನ್ನು ಬೆಚ್ಚಗಿಡಲು ಬಳಸುತ್ತಾರೆ. ೨೦೨೫ರ ಅಕ್ಟೋಬರಿಗೆ ಅವರು ಉಳಿಸಿಟ್ಟ ಜಾಲಪುಟಗಳ ಸಂಖ್ಯೆ ಒಂದು ಲಕ್ಷ ಕೋಟಿಯನ್ನು ಮುಟ್ಟಿತು. ಅಷ್ಟು ಸರಕನ್ನು ಎಂದೆಂದಿಗೂ ಇಡಬೇಕಾದವರಿಗೆ ತಿಂಗಳ ಬಾಡಿಗೆ ಕಟ್ಟುತ್ತ ಹೋಗುವುದಕ್ಕಿಂತ ಸ್ವಂತ ಮನೆಯೇ ಲಾಭ. ನೋಡಿಕೊಳ್ಳಲು ನುರಿತ ಜನವೂ ಅವರಲ್ಲಿದ್ದಾರೆ. ಆದರೂ ೨೦೦೨ರಲ್ಲಿಯೇ ಸಂಗ್ರಹದ ಒಂದು ಪ್ರತಿಯನ್ನು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೊಸ ಗ್ರಂಥಾಲಯಕ್ಕೆ ಕೊಟ್ಟರು. ೨೦೨೪ರಲ್ಲಿ ಅವರ ಮೇಲೂ ದಾಳಿಯಾಗಿ, ಮೂರು ಕೋಟಿಗೂ ಮಿಕ್ಕಿ ಖಾತೆದಾರರ ವಿವರ ಕಳುವಾಯಿತು. ಯಂತ್ರ ನಮ್ಮದಾದ ಮಾತ್ರಕ್ಕೆ ಕಳ್ಳ ಬರುವುದಿಲ್ಲವೆಂದಿಲ್ಲ.

ಸಣ್ಣ ಗ್ರಂಥಾಲಯದ ಲೆಕ್ಕ

ಈಗ ನಮ್ಮ ಊರಿನ ಗ್ರಂಥಾಲಯಕ್ಕೆ ಬರೋಣ. ಅದರ ಆಸ್ತಿಯನ್ನು ಒಂದೇ ಗಂಟಾಗಿ ನೋಡದೆ ಮೂರು ಪಾಲು ಮಾಡಿದರೆ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಮೊದಲನೆಯದು ಗ್ರಂಥಸೂಚಿ. ಇದು ಗಾತ್ರದಲ್ಲಿ ಬಹು ಸಣ್ಣದು. ಕನ್ನಡದ ಒಂದೊಂದು ವರ್ಣಸಂಕೇತಕ್ಕೆ ಯಂತ್ರದಲ್ಲಿ ಸಾಮಾನ್ಯವಾಗಿ ಮೂರು ಬೈಟ್ ಜಾಗ ಬೇಕು. ಒಂದು ಪುಸ್ತಕದ ವಿವರಕ್ಕೆ ಸಾವಿರ ಸಂಕೇತಗಳೆಂದರೆ ಮೂರು ಕಿಲೋಬೈಟ್. ನಲವತ್ತು ಸಾವಿರ ಪುಸ್ತಕಗಳಿಗೆ ೧೨೦ ಮೆಗಾಬೈಟ್. ಅಂಗಡಿಯಲ್ಲಿ ಸಿಗುವ ಬೆರಳುದ್ದದ ಪೆನ್‌ಡ್ರೈವಿನ ಒಂದು ಮೂಲೆಯನ್ನೂ ಇದು ತುಂಬದು. ಆದರೆ ಆ ನಲವತ್ತು ಸಾವಿರ ವಿವರಗಳನ್ನು ಒಂದೊಂದಾಗಿ ಬರೆದು ಸೇರಿಸಲು ನೌಕರರಿಗೆ ವರ್ಷಗಳೇ ಹಿಡಿದಿರುತ್ತವೆ. ಗಾತ್ರ ಅಲ್ಪ, ಬೆಲೆ ಅಪಾರ. ಇದನ್ನು ಮೇಘದಲ್ಲಿಟ್ಟು ನಡೆಸಲು ಖರ್ಚು ಕಡಿಮೆ, ಪ್ರತಿ ಮಾಡಿಕೊಳ್ಳುವುದು ಇನ್ನೂ ಸುಲಭ.

ಎರಡನೆಯದು ಸದಸ್ಯರ ವಿವರ. ಇಲ್ಲಿ ನೋಡಬೇಕಾದದ್ದು ಗುಟ್ಟು. ಯಾರು ಯಾವ ಪುಸ್ತಕವನ್ನು ಓದಿದರೆಂಬುದು ಅವರವರ ಸ್ವಂತ ವಿಷಯ. ೨೦೨೩ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯ ಆಶಯವೂ ಬೇಡದ ಮಾಹಿತಿಯನ್ನು ಕೂಡಿಡಬಾರದೆಂಬುದೇ. ಪುಸ್ತಕ ಹಿಂದಿರುಗಿದ ಮೇಲೆ ಆ ಸಾಲವನ್ನು ಸದಸ್ಯರ ಹೆಸರಿನಿಂದ ಬೇರ್ಪಡಿಸಿದರೆ, ಯಂತ್ರ ಎಲ್ಲಿದ್ದರೂ ಕಳ್ಳನಿಗೆ ಸಿಗುವುದು ಕಡಿಮೆ.

ಮೂರನೆಯದು ಯಂತ್ರದ ಕಣ್ಣಿನಿಂದ ಪ್ರತಿತೆಗೆದ ಹಳೆಯ ಪುಸ್ತಕ, ಪತ್ರಿಕೆಗಳ ಪುಟಚಿತ್ರಗಳು. ಇವು ಭಾರಿ. ಪುಟಕ್ಕೆ ೩೦೦ ಕಿಲೋಬೈಟ್ ಎಂದರೂ ಮುನ್ನೂರು ಪುಟದ ಪುಸ್ತಕ ೯೦ ಮೆಗಾಬೈಟ್ ಆಗುತ್ತದೆ. ಸಾವಿರ ಪುಸ್ತಕ ೯೦ ಗಿಗಾಬೈಟ್. ಶಾಶ್ವತ ದಾಖಲೆಗೆಂದು ತೆಗೆದ ಉತ್ತಮ ದರ್ಜೆಯ ಚಿತ್ರಗಳಾದರೆ ಅದರ ಎಷ್ಟೋ ಪಟ್ಟು. ಇವುಗಳ ಮೂಲಪ್ರತಿಯನ್ನು ಸ್ವಂತ ಡಿಸ್ಕುಗಳಲ್ಲಿ, ಎರಡು ಬೇರೆಬೇರೆ ಕಟ್ಟಡಗಳಲ್ಲಿ ಇಟ್ಟು, ಓದುಗರಿಗೆ ತೋರಿಸಲು ಬೇಕಾದ ಹಗುರಾದ ಪ್ರತಿಯನ್ನು ಮಾತ್ರ ಮೇಘಕ್ಕೆ ಏರಿಸುವುದು ಜಾಣತನ.

ಹೀಗೆ ನೋಡಿದರೆ, ಯಂತ್ರ ಬಲ್ಲ ನೌಕರರಿಲ್ಲದ ಪಟ್ಟಣದ ಗ್ರಂಥಾಲಯಕ್ಕೆ ಜಾಲತಾಣವನ್ನೂ ಸೂಚಿಯನ್ನೂ ಬಾಡಿಗೆಯ ಮೇಘದಲ್ಲಿ ಇಡುವುದೇ ಮೇಲು. ಆದರೆ ಒಂದು ನಿಯಮದ ಮೇಲೆ: ಎಲ್ಲದರ ಪೂರ್ತಿ ಪ್ರತಿ ಗ್ರಂಥಾಲಯದ ಸ್ವಂತ ಕಪಾಟಿನಲ್ಲಿರಬೇಕು. ಬಲ್ಲವರು ಹೇಳುವ ಸೂತ್ರ ಸರಳವಾಗಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಸ್ಥಳದಲ್ಲಿ. ಒಂದು ಪ್ರತಿಯಾದರೂ ಜಾಲಕ್ಕೆ ಅಂಟಿಕೊಳ್ಳದೆ ಬೀರುವಿನಲ್ಲಿ ಬೀಗದೊಳಗಿರಲಿ; ಜಾಲದಲ್ಲಿ ಬಂದ ಕಳ್ಳ ಬೀರುವನ್ನು ಮುಟ್ಟಲಾರ.

ಬಿಟ್ಟುಹೋಗುವ ದಾರಿ

ಬಾಡಿಗೆ ಮನೆ ಹಿಡಿಯುವಾಗಲೇ ಬಿಡುವ ಕರಾರನ್ನೂ ಕೇಳುವುದು ಲೋಕರೂಢಿ. ಇಲ್ಲಿಯೂ ಅಷ್ಟೆ. ಗ್ರಂಥಸೂಚಿಯನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸಲು ‘ಮಾರ್ಕ್’ ಎಂಬ ಒಪ್ಪಿತ ಕ್ರಮವೊಂದಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ೧೯೬೦ರ ದಶಕದಲ್ಲಿ ರೂಪುಗೊಂಡದ್ದು. ಕೇಳಿದಾಗ ಈ ಕ್ರಮದಲ್ಲಿ ಸೂಚಿಯನ್ನು ಪೂರ್ತಿಯಾಗಿ ಹಿಂದಕ್ಕೆ ಕೊಡುವ ತಂತ್ರಾಂಶವನ್ನೇ ಆರಿಸಬೇಕು. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಪ್ರಾಂತದ ಗ್ರಂಥಾಲಯಕ್ಕಾಗಿ ಸಿದ್ಧವಾಗಿ ೨೦೦೦ದ ಜನವರಿಯಲ್ಲಿ ಕೆಲಸಕ್ಕೆ ನಿಂತ ‘ಕೋಹಾ’ ಅಂಥದು. ಅಲ್ಲಿಯ ಮಾವೊರಿ ಜನರ ಭಾಷೆಯಲ್ಲಿ ಆ ಮಾತಿಗೆ ಕಾಣಿಕೆ ಎಂಬ ಅರ್ಥ. ತಂತ್ರಾಂಶವೂ ಬೆಲೆಯಿಲ್ಲದೆ ದೊರೆಯುತ್ತದೆ. ಸ್ವಂತ ಯಂತ್ರದ ಮೇಲೂ ಮೇಘದಲ್ಲಿಯೂ ಒಂದೇ ತೆರನಾಗಿ ನಡೆಯುವುದರಿಂದ, ಇಂದು ಇಲ್ಲಿದ್ದು ನಾಳೆ ಅಲ್ಲಿಗೆ ಹೋಗಲು ತೊಡಕಿಲ್ಲ.

ಆದುದರಿಂದ ಮಾರಾಟಗಾರ ಬಂದು ಕುಳಿತಾಗ ನೀವು ಕೇಳಬೇಕಾದ ಮಾತುಗಳು ಇಷ್ಟು. ನಮ್ಮ ಸರಕು ಯಾವ ಊರಿನ ಯಂತ್ರಾಗಾರದಲ್ಲಿ ಇರುತ್ತದೆ, ಅದರ ಪ್ರತಿ ಬೇರೆ ಯಾವ ಊರಿನಲ್ಲಿ? ಖಾತೆ ಗ್ರಂಥಾಲಯದ ಹೆಸರಿನಲ್ಲಿದೆಯೋ, ಮಧ್ಯವರ್ತಿಯ ಹೆಸರಿನಲ್ಲೋ? ಪಾಸ್‌ವರ್ಡಿನ ಜೊತೆಗೆ ಎರಡನೆಯ ಬೀಗವುಂಟೋ? ಅನುದಾನ ಎರಡು ತಿಂಗಳು ತಡವಾದರೆ ಏನು ಮಾಡುವಿರಿ? ನಾವು ಬಿಟ್ಟುಹೋದರೆ ನಮ್ಮದನ್ನೆಲ್ಲ ಎಷ್ಟು ದಿನದಲ್ಲಿ, ಯಾವ ಕ್ರಮದಲ್ಲಿ ಹಿಂದಿರುಗಿಸುವಿರಿ? ಉತ್ತರಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಕೊನೆಯ ಪ್ರಶ್ನೆ ನಮಗೆ ನಾವೇ ಕೇಳಿಕೊಳ್ಳತಕ್ಕದ್ದು. ಕಪಾಟಿನಲ್ಲಿಟ್ಟ ಪ್ರತಿಯನ್ನು ಎಂದಾದರೂ ತೆರೆದು ನೋಡಿದ್ದೇವೆಯೆ? ವರ್ಷಕ್ಕೆರಡು ಸಲವಾದರೂ, ಬಿಡುವಿನ ಒಂದು ದಿನ, ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ಏರಿಸಿ, ನಾಲ್ಕು ಪುಸ್ತಕಗಳ ಹೆಸರನ್ನು ಹುಡುಕಿ, ಸಿಕ್ಕಿತೆಂದು ದಾಖಲೆ ಪುಸ್ತಕದಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ಬ್ರಿಟಿಷ್ ಲೈಬ್ರರಿಯಂಥ ಸಂಸ್ಥೆಯೇ ಎಡವಿದ ಜಾಗವಿದು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಯಂತ್ರ ಸ್ವಂತದ್ದಿರಲಿ ಬಾಡಿಗೆಯದಿರಲಿ, ಈ ಒಂದು ದಿನದ ಕೆಲಸವನ್ನು ಗ್ರಂಥಾಲಯದ ಪರವಾಗಿ ಬೇರಾರೂ ಮಾಡಿಕೊಡುವುದಿಲ್ಲ. ನಿಮ್ಮ ಊರಿನ ಸಮಿತಿ ಮುಂದಿನ ಸಲ ಸೇರಿದಾಗ, ಆ ದಾಖಲೆ ಪುಸ್ತಕವನ್ನು ಒಮ್ಮೆ ತರಿಸಿ ನೋಡಿ.